ಕನ್ನಡದ ಮೇಲೆ ಗೂಬೆ ಕೂರಿಸುವ ಮುನ್ನ

ನಮ್ಮ ಸಂಘದ ಮಾಸಪತ್ರಿಕೆಯಲ್ಲಿ ಪುಸ್ತಕ, ನಾಟಕ, ಸಂಗೀತ ಕಚೇರಿಗಳ ವಿಮರ್ಶೆ ಬರುವುದು ವಾಡಿಕೆ. ಗಣಕಯಂತ್ರದ ವಿಮರ್ಶೆ ಬಂದದ್ದು ನನಗೆ ನೆನಪಿಲ್ಲ. ಆದರೆ ಈಗ ನಮ್ಮ ಪತ್ರಿಕೆ ಅಚ್ಚಿಗೆ ಹೋಗುವುದೇ ಒಂದು ಗಣಕಯಂತ್ರದ ಕೃಪೆಯಿಂದ. ಅದು ಮುನಿಸಿಕೊಂಡಾಗ ಅದರ ಗುಣದೋಷಗಳನ್ನು ವಿಚಾರಿಸುವುದೂ ವಿಮರ್ಶೆಯ ಕೆಲಸವೇ ಎಂದು ಭಾವಿಸಿ ಈ ಲೇಖನ ಬರೆಯುವ ಧೈರ್ಯ ಮಾಡಿದ್ದೇನೆ. ನಾನು ಇಂಜಿನಿಯರನಲ್ಲ. ಭೌತಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ತಪ್ಪು ಕಂಡರೆ ಬಲ್ಲವರು ತಿದ್ದಬೇಕು.

ಸಂದರ್ಭ ಹೀಗಿದೆ. ಕಳೆದ ಅಕ್ಟೋಬರಿನಲ್ಲಿ ರಾಜ್ಯೋತ್ಸವ ವಿಶೇಷಾಂಕದ ಪುಟಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಿಗಡಿ ಪ್ರಾಧಿಕರಣದಲ್ಲಿ ಸದಸ್ಯರೊಬ್ಬರು ಸಂಘಕ್ಕೆ ಬಿಟ್ಟುಕೊಟ್ಟಿರುವ ಮೇಲಂತಸ್ತಿನ ಕೋಣೆಯಲ್ಲಿ ಈ ಯಂತ್ರವಿದೆ. ಇನ್ನೊಬ್ಬ ಸದಸ್ಯರ ಮಗ ಓದಲು ಪರದೇಶಕ್ಕೆ ಹೋಗುವಾಗ ಸಂಘಕ್ಕೆ ಕೊಟ್ಟದ್ದು. ಆತ ಅದರಲ್ಲಿ ಆಟಗಳನ್ನು ಆಡುತ್ತಿದ್ದುದರಿಂದ ಚಿತ್ರ ಮೂಡಿಸಲೆಂದೇ ಬೇರೊಂದು ಗ್ರಾಫಿಕ್ಸ್ ಕಾರ್ಡು, ಅದರ ಬೆನ್ನಿಗೊಂದು ಪುಟ್ಟ ಫ್ಯಾನು ಇವೆ. ಪುಟ ಜೋಡಿಸುತ್ತಿರುವಾಗ ತೆರೆ ಇದ್ದಕ್ಕಿದ್ದಂತೆ ಕಪ್ಪಾಗುತ್ತಿತ್ತು. ಕೆಲವು ಸಲ ಒಂದೆರಡು ಕ್ಷಣದಲ್ಲಿ ಮರಳಿ ಬರುತ್ತಿತ್ತು. ಕೆಲವು ಸಲ ತಂತ್ರಾಂಶವೇ ಮುಚ್ಚಿಕೊಳ್ಳುತ್ತಿತ್ತು. ಎರಡು ಬಾರಿ ನೀಲಿ ತೆರೆ ಬಂದು ಯಂತ್ರ ತಾನಾಗಿ ಮತ್ತೆ ಶುರುವಾಯಿತು.

ಹೀಗೆ ಹೋದ ಪುಟಗಳಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರ ಲೇಖನವೂ ಇತ್ತು. 1960ರ ದಶಕದಲ್ಲಿ ಗದಗಿನಿಂದ ಪಿಂಪ್ರಿಗೆ ಕೆಲಸ ಹುಡುಕಿಕೊಂಡು ಬಂದವರು. ಆಗಿನ ಚಾಳುಗಳು, ನೀರಿನ ಸರದಿ, ಮೊದಲ ಗಣೇಶೋತ್ಸವದಲ್ಲಿ ಆಡಿದ ಕನ್ನಡ ನಾಟಕ ಇವನ್ನೆಲ್ಲ ನೆನೆದು ಹೇಳಿದ್ದರು. ಅವರಿಗೆ ಈಗ ಕೈ ನಡುಗುತ್ತದೆ. ಅವರು ಹೇಳುತ್ತ ಹೋದರು, ನಾನು ಪಕ್ಕದಲ್ಲಿ ಕೂತು ಯಂತ್ರಕ್ಕೆ ಏರಿಸುತ್ತ ಹೋದೆ. ಎರಡು ಸಲ ಅರ್ಧಕ್ಕರ್ಧ ಅಳಿಸಿಹೋಯಿತು. "ಮೂರನೇ ಸಲ ಹೇಳೂ ಶಕ್ತಿ ನನಗಿಲ್ಲೋ ತಮ್ಮಾ" ಎಂದು ಅವರು ಎದ್ದುಹೋದಾಗ ನನಗೆ ತಲೆಯೆತ್ತಿ ನೋಡಲಾಗಲಿಲ್ಲ. ಆಗಿಂದಾಗ್ಗೆ ಉಳಿಸಿಕೊಳ್ಳದೆ ಹೋದದ್ದು ನನ್ನ ತಪ್ಪು. ಅದನ್ನು ಯಂತ್ರದ ಮೇಲೆ ಹಾಕಲಾರೆ.

ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ವಿಷಯ ಬಂತು. ಸದಸ್ಯರೊಬ್ಬರು, "ಇದೆಲ್ಲ ಕನ್ನಡ ಫಾಂಟಿನ ಕಾಟ. ಇಂಗ್ಲಿಷಿನಲ್ಲಿ ಕೆಲಸ ಮಾಡುವಾಗ ಯಾರ ಯಂತ್ರವೂ ಹೀಗೆ ಮಾಡುವುದಿಲ್ಲ. ಹೇಗೂ ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಮುಂದಿನ ವರ್ಷದಿಂದ ಅರ್ಧ ಪತ್ರಿಕೆ ಇಂಗ್ಲಿಷಿನಲ್ಲೇ ಇರಲಿ" ಎಂದರು. ಹಲವರು ತಲೆದೂಗಿದರು. ನಾನು ಸುಮ್ಮನಿದ್ದೆ. ಅಭಿಮಾನದಿಂದ ಮಾತನಾಡಬಹುದಾಗಿತ್ತು, ಆದರೆ ಕೈಯಲ್ಲಿ ಆಧಾರವಿರಲಿಲ್ಲ. ಆಧಾರ ತರಲು ಎರಡು ವಾರದ ಅವಕಾಶ ಕೇಳಿಕೊಂಡೆ.

ಮೊದಲು ಈ ಕಾಯಿಲೆಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಮುಖ್ಯ ಭಾಗ ಒಂದು, ಚಿತ್ರ ಬಿಡಿಸುವ ಭಾಗ ಇನ್ನೊಂದು. ಇವೆರಡರ ನಡುವೆ ಮಾತುಕತೆ ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಇದನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಡು ತಯಾರಿಸುವ ಕಂಪನಿಯವರೇ ಹೊರತು ಕಾರ್ಯಾಚರಣ ವ್ಯವಸ್ಥೆಯನ್ನು ತಯಾರಿಸುವವರಲ್ಲ. ನಮ್ಮ ಕಚೇರಿಯ ರೀತಿಯಲ್ಲಿ ಹೇಳುವುದಾದರೆ, ಮುಖ್ಯ ಶಾಖೆ ಒಂದು ಫೈಲನ್ನು ಚಿತ್ರಶಾಖೆಗೆ ಕಳಿಸುತ್ತದೆ. ವಿಂಡೋಸ್‌ನ ಈಗಿನ ನಿಯಮದ ಪ್ರಕಾರ ಎರಡು ಸೆಕೆಂಡಿನೊಳಗೆ ಕೆಲಸ ಮುಂದುವರಿಯದಿದ್ದರೆ ಆ ಶಾಖೆಯನ್ನೇ ಮುಚ್ಚಿ ಮತ್ತೆ ತೆರೆಯಲಾಗುತ್ತದೆ. ತೆರೆ ಒಂದು ಕ್ಷಣ ಕಪ್ಪಾಗುವುದು ಆಗಲೇ. ಒಂದು ನಿಮಿಷದೊಳಗೆ ಹಲವು ಸಲ ಹೀಗಾದರೆ ಇಡೀ ಕಚೇರಿಗೇ ಬೀಗ ಬೀಳುತ್ತದೆ, ಅಂದರೆ ನೀಲಿ ತೆರೆ. 2025ರಲ್ಲಿ ವಿಂಡೋಸ್ 11ರಲ್ಲಿ ಆ ನೀಲಿಯನ್ನು ಕಪ್ಪು ಮಾಡಿದರು. ಬಣ್ಣ ಬದಲಾದ ಮಾತ್ರಕ್ಕೆ ಕಾಯಿಲೆ ಬದಲಾಗುವುದಿಲ್ಲ.

ಈ ವ್ಯವಸ್ಥೆಯ ಹಿಂದೆ ಒಂದು ಇತಿಹಾಸವಿದೆ. ವಿಂಡೋಸ್ ಎನ್.ಟಿ.ಯ ಮೊದಲ ಆವೃತ್ತಿಗಳಲ್ಲಿ ಕಿಟಕಿಗಳನ್ನೂ ಅಕ್ಷರಗಳನ್ನೂ ಬಿಡಿಸುವ ಮುಖ್ಯ ಭಾಗ ವ್ಯವಸ್ಥೆಯ ಗರ್ಭಗುಡಿಯಾದ ಕರ್ನಲ್‌ನ ಹೊರಗಿತ್ತು. 1996ರಲ್ಲಿ ಬಂದ ಎನ್.ಟಿ. 4.0ರಲ್ಲಿ ವೇಗ ಹೆಚ್ಚಲೆಂದು ಅದನ್ನು ಒಳಗೆ ತಂದರು. ವೇಗವೇನೋ ಹೆಚ್ಚಿತು. ಆದರೆ ಹೊರಗೆ ಎಡವಿದವನು ತಾನೊಬ್ಬನೇ ಬೀಳುತ್ತಾನೆ; ಗರ್ಭಗುಡಿಯಲ್ಲಿ ಎಡವಿದವನು ದೀಪವನ್ನೂ ಬೀಳಿಸುತ್ತಾನೆ. ಚಿತ್ರದ ತಪ್ಪು ಇಡೀ ಯಂತ್ರವನ್ನು ಕೆಡವಬಹುದಾಯಿತು. 2007ರ ಜನವರಿಯಲ್ಲಿ ಸಾರ್ವಜನಿಕರ ಕೈಗೆ ಬಂದ ವಿಸ್ತಾದಲ್ಲಿ ಡ್ರೈವರಿನ ಬಹುಪಾಲನ್ನು ಮತ್ತೆ ಹೊರಗೆ ಕಳಿಸಿ, ಮೇಲೆ ಹೇಳಿದ ಎರಡು ಸೆಕೆಂಡಿನ ನಿಯಮವನ್ನು ತಂದರು. ಆ ಸುಧಾರಣೆಯ ಮೊದಲ ವರ್ಷದ ಫಲ ಏನೆಂಬುದು ಅಮೆರಿಕದ ನ್ಯಾಯಾಲಯವೊಂದರ ಮೊಕದ್ದಮೆಯಲ್ಲಿ 2008ರಲ್ಲಿ ಬಯಲಾದ ಕಾಗದಪತ್ರಗಳಿಂದ ತಿಳಿದುಬಂತು. 2007ರಲ್ಲಿ ಮೈಕ್ರೋಸಾಫ್ಟ್ ದಾಖಲಿಸಿಕೊಂಡ ವಿಸ್ತಾದ ಕ್ರ್ಯಾಶ್‌ಗಳಲ್ಲಿ ಶೇಕಡಾ 28.8ಕ್ಕೆ ಎನ್‌ವಿಡಿಯಾ ಡ್ರೈವರುಗಳು ಕಾರಣವೆಂದೂ, ಶೇಕಡಾ 17.9ಕ್ಕೆ ಮೈಕ್ರೋಸಾಫ್ಟಿನ ಸ್ವಂತ ತಂತ್ರಾಂಶವೇ ಕಾರಣವೆಂದೂ ಅದರಲ್ಲಿತ್ತು. ಗಮನಿಸಬೇಕಾದ ಮಾತೆಂದರೆ, ಅವೆಲ್ಲ ಬಹುಮಟ್ಟಿಗೆ ಕನ್ನಡ ಬಳಸದವರ ಯಂತ್ರಗಳು. ಇಂಗ್ಲಿಷಿನಲ್ಲಿ ಕೆಲಸ ಮಾಡಿದರೆ ಯಂತ್ರ ಕೈಕೊಡುವುದಿಲ್ಲ ಎಂಬ ಮಾತಿನ ಬುಡ ಇಲ್ಲಿಯೇ ಅಲ್ಲಾಡುತ್ತದೆ.

ಇಷ್ಟು ಓದಿಕೊಂಡು ನಾನು ಯಂತ್ರದ ಪರೀಕ್ಷೆಗೆ ಕೂತೆ. ಕಚೇರಿಯಲ್ಲಿ ಫೈಲಿಗೆ ಟಿಪ್ಪಣಿ ಬರೆಯುವಂತೆ ಒಂದು ನೋಟುಪುಸ್ತಕದಲ್ಲಿ ತಾರೀಖು, ವೇಳೆ, ಮಾಡಿದ ಕೆಲಸ, ಆದ ಫಲ ಎಂದು ನಾಲ್ಕು ಕಾಲಂ ಎಳೆದೆ. ಮೂರು ಬಗೆಯ ಪುಟಗಳನ್ನು ಸಿದ್ಧಮಾಡಿಕೊಂಡೆ: ಒಂದು ಬರಿಯ ಇಂಗ್ಲಿಷ್, ಒಂದು ಹಳೆಯ ನುಡಿ ಅಕ್ಷರಗಳದು, ಒಂದು ಯೂನಿಕೋಡ್ ಕನ್ನಡ. ಹಳೆಯ ನುಡಿ, ಬರಹ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಯಂತ್ರಕ್ಕೆ ಅವು ವೇಷ ಹಾಕಿದ ಇಂಗ್ಲಿಷ್. ಯೂನಿಕೋಡಿನಲ್ಲಿ ಮಾತ್ರ ಯಂತ್ರಕ್ಕೆ ಇದು ಕನ್ನಡವೆಂದು ಗೊತ್ತಿರುತ್ತದೆ. ಒತ್ತಕ್ಷರ, ಗುಣಿತಗಳನ್ನು ಅದೇ ಜೋಡಿಸಬೇಕು. ತಪ್ಪು ಕನ್ನಡದ್ದಾದರೆ ಮೂರನೆಯ ಪುಟದಲ್ಲಿ ಮಾತ್ರ ಕಾಣಿಸಿಕೊಳ್ಳಬೇಕು.

ಮೊದಲ ಭಾನುವಾರದ ಫಲ ನನ್ನನ್ನು ಕಂಗೆಡಿಸಿತು. ಇಂಗ್ಲಿಷ್ ಪುಟ ಒಂದು ಸಲವೂ ಕೈಕೊಡಲಿಲ್ಲ. ಯೂನಿಕೋಡ್ ಕನ್ನಡ ಮೂರು ಸಲ ತೆರೆಯನ್ನು ಕಪ್ಪುಮಾಡಿತು. ಆ ರಾತ್ರಿ ನೋಟುಪುಸ್ತಕವನ್ನು ತಿರುವಿಹಾಕಿದಾಗ ನನ್ನ ಪರೀಕ್ಷೆಯ ದೋಷ ಕಣ್ಣಿಗೆ ಬಿತ್ತು. ಇಂಗ್ಲಿಷ್ ಪುಟವನ್ನು ಬೆಳಗ್ಗೆ ಎಂಟಕ್ಕೆ ನೋಡಿದ್ದೆ, ಕನ್ನಡವನ್ನು ಮಧ್ಯಾಹ್ನ ಎರಡಕ್ಕೆ. ಎರಡನೆಯ ಭಾನುವಾರ ಸರದಿಯನ್ನು ತಿರುವುಮುರುವು ಮಾಡಿದೆ. ಬೆಳಗಿನ ಕನ್ನಡ ತಣ್ಣಗೆ ನಡೆಯಿತು. ಮಧ್ಯಾಹ್ನದ ಇಂಗ್ಲಿಷ್ ಎರಡು ಸಲ ತೆರೆಯನ್ನು ಕಪ್ಪುಮಾಡಿತು. ನುಡಿ ಪುಟವೂ ಒಂದು ಸಲ ಮಾಡಿತು. ಅಂತರ್ಜಾಲದ ವೀಡಿಯೋ ನೋಡುವಾಗಲೂ ಅದೇ ಕಥೆ. ವಿಂಡೋಸ್‌ನ ಇವೆಂಟ್ ವ್ಯೂಯರ್ ಎಂಬ ದಿನಚರಿಯಲ್ಲಿ ಪ್ರತಿ ಸಲವೂ ಒಂದೇ ನಮೂದು, ಸಂಖ್ಯೆ 4101: ಚಿತ್ರದ ಡ್ರೈವರ್ ಉತ್ತರ ಕೊಡದೆ ಹೋಯಿತು, ಮರಳಿ ಚೇತರಿಸಿಕೊಂಡಿತು ಎಂದು. ಅಕ್ಷರದ ಮಾತೇ ಅಲ್ಲಿಲ್ಲ. ಮೊದಲ ಭಾನುವಾರವೇ ಕೈಬಿಟ್ಟಿದ್ದರೆ ನಾನೇ ಸಮಿತಿಯ ಮುಂದೆ ಕನ್ನಡದ ವಿರುದ್ಧ ಸಾಕ್ಷಿ ಹೇಳಿಬಿಡುತ್ತಿದ್ದೆ.

ಇನ್ನು ಪರಿಹಾರದ ವಿಚಾರ. ಈ ವಿಷಯದಲ್ಲಿ ಸಲಹೆಗಳಿಗೆ ಬರವಿಲ್ಲ. ಪೇಟೆಯ ರಿಪೇರಿಯವರೊಬ್ಬರು ಯಂತ್ರವನ್ನು ನೋಡುವ ಮೊದಲೇ ಕಾರ್ಡು ಬದಲಿಸಿ ಎಂದರು. ಒಬ್ಬ ಮಿತ್ರರು ಫಾರ್ಮ್ಯಾಟ್ ಮಾಡಿ ಎಂದರು. ಬಹುಜನರ ಸಲಹೆ ಮಾತ್ರ ಒಂದೇ: "ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ." ಅಂದರೆ, ಚಿತ್ರ ಬಿಡಿಸುವ ಕೆಲಸವನ್ನು ಕಾರ್ಡಿಗೆ ಕೊಡದೆ ಮುಖ್ಯ ಭಾಗವೇ ಮಾಡಲಿ ಎಂದು ಸೆಟ್ಟಿಂಗ್ ಬದಲಿಸುವುದು.

ಈ ಸೆಟ್ಟಿಂಗ್ ಹೊಸದಲ್ಲ. ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ನೆನಪಿರಬಹುದು: ಡಿಸ್‌ಪ್ಲೇ ಸೆಟ್ಟಿಂಗಿನ ಒಳಗೆ ಟ್ರಬಲ್‌ಶೂಟ್ ಎಂಬ ಹಾಳೆಯಲ್ಲಿ ಒಂದು ಸರಿಸುವ ಕೀಲಿ ಇರುತ್ತಿತ್ತು. ಅದಕ್ಕೆ ಆರು ಮೆಟ್ಟಿಲು. ಬಲತುದಿಯಲ್ಲಿ ಪೂರ್ಣ ವೇಗ. ಒಂದು ಮೆಟ್ಟಿಲು ಇಳಿಸಿದರೆ ಮೌಸಿನ ಬಾಣದ ತೊಂದರೆಗೆ ಪರಿಹಾರ, ಇನ್ನಷ್ಟು ಇಳಿಸಿದರೆ ಆಟಗಳು ಬಳಸುವ ಡೈರೆಕ್ಟ್‌ಡ್ರಾ, ಡೈರೆಕ್ಟ್3ಡಿ ಸೌಲಭ್ಯಗಳು ಬಂದ್, ಎಡತುದಿಯಲ್ಲಿ ಎಲ್ಲವೂ ಬಂದ್. ಯಾವ ಮೆಟ್ಟಿಲು ಯಾವ ತೊಂದರೆಗೆ ಎಂಬ ಒಂದು ಸಾಲಿನ ವಿವರಣೆಯೂ ಕೆಳಗೆ ಬರುತ್ತಿತ್ತು. ಸಾಮಾನ್ಯ ಮನುಷ್ಯನನ್ನು ನಂಬಿ ಬರೆದ ಹಾಳೆ ಅದು. ವಿಂಡೋಸ್ 7ರ ಹೊತ್ತಿಗೆ ಬಹುತೇಕ ಯಂತ್ರಗಳಲ್ಲಿ ಆ ಗುಂಡಿ ಮಂಕಾಗಿ, ಒತ್ತಿದರೂ ಒತ್ತಿಕೊಳ್ಳದಂತಾಯಿತು. ಈಗ ಒಂದೊಂದು ತಂತ್ರಾಂಶದೊಳಗೂ ಬೇರೆಬೇರೆ ಗುಂಡಿ. ಕ್ರೋಮ್‌ನಲ್ಲಿ ಒಂದು ಕಡೆ. ಕನ್ನಡದ ಮುಖವೂ ಇರುವ ಲಿಬ್ರೆಆಫೀಸಿನಲ್ಲಿ, 2020ರ 7.0 ಆವೃತ್ತಿಯಿಂದೀಚೆಗೆ, ಆಯ್ಕೆಗಳ ಒಳಗೆ ಇನ್ನೊಂದು ಕಡೆ. ಮೊದಲಿನ ಆರು ಮೆಟ್ಟಿಲು ಹೋಗಿ ಇದೆ ಅಥವಾ ಇಲ್ಲ ಎಂಬ ಎರಡೇ ಮಾತು ಉಳಿದಿದೆ. ವಿವರಣೆಯಂತೂ ಇಲ್ಲವೆನ್ನುವಷ್ಟು ಕಡಿಮೆ. ಇದು ಹಿನ್ನಡೆ ಎಂದು ಹೇಳದೆ ವಿಧಿಯಿಲ್ಲ.

ನಾನು ನಮ್ಮ ಪುಟ ಜೋಡಣೆಯ ತಂತ್ರಾಂಶದಲ್ಲಿ ಆ ಗುಂಡಿಯನ್ನು ಆರಿಸಿದೆ. ಮಧ್ಯಾಹ್ನ ಪೂರ್ತಿ ತೆರೆ ಕಪ್ಪಾಗಲಿಲ್ಲ. ಪುಟ ಸರಿಸುವಾಗ ಸ್ವಲ್ಪ ತಡವರಿಸಿತು, ಅಷ್ಟೆ. ಜೊತೆಯಲ್ಲಿದ್ದವರು "ಆಯಿತಲ್ಲ, ಬಿಡಿ" ಎಂದರು. ಈ ಬಗೆಯ ಸಲಹೆಗಳೆಲ್ಲ ಮುಗಿಯುವುದು ಇಲ್ಲಿಗೇ. ವಿಮರ್ಶೆ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಏಕೆಂದರೆ, ಆ ಗುಂಡಿ ಆರಿಸಿದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಡ್ರೈವರಿನಲ್ಲಿ ತಪ್ಪಿದ್ದರೆ ಆ ತಪ್ಪಿನ ದಾರಿಯಲ್ಲಿ ಯಂತ್ರ ಹೋಗುವುದಿಲ್ಲ. ಅದೇ ವೇಳೆಗೆ ಕಾರ್ಡಿಗೆ ಕೆಲಸ ಕಡಿಮೆಯಾಗಿ ಅದು ಕಾಯುವುದೂ ಕಡಿಮೆಯಾಗುತ್ತದೆ. ರೋಗ ಡ್ರೈವರಿನದಾಗಿದ್ದರೂ ಸರಿ, ಶಾಖದ್ದಾಗಿದ್ದರೂ ಸರಿ, ಫಲ ಒಂದೇ: ತೆರೆ ಶಾಂತ. ಎರಡು ರೋಗಕ್ಕೂ ಒಂದೇ ಉತ್ತರ ಕೊಡುವ ಪರೀಕ್ಷೆಯಿಂದ ರೋಗ ಯಾವುದೆಂದು ತಿಳಿಯುವುದಿಲ್ಲ. ಕೆಮ್ಮುವವನ ಬಾಯಿಗೆ ಕೈ ಅಡ್ಡ ಹಿಡಿದರೆ ಸದ್ದು ನಿಲ್ಲುತ್ತದೆ. ಎದೆಯೊಳಗೆ ಏನಿದೆಯೆಂದು ಗೊತ್ತಾಗುವುದಿಲ್ಲ.

ಆದುದರಿಂದ ಗುಂಡಿಯನ್ನು ಮೊದಲಿನಂತೆ ಮಾಡಿ ಡ್ರೈವರನ್ನು ಮಾತ್ರ ಬದಲಿಸಿದೆ. ತಯಾರಕರ ಹಿಂದಿನ ಆವೃತ್ತಿಯೊಂದನ್ನು ತಂದು ಕೂರಿಸಿದೆ. ಮಧ್ಯಾಹ್ನವಾದೊಡನೆ ತೆರೆ ಕಪ್ಪಾಯಿತು. ಡ್ರೈವರ್ ಬಹುಮಟ್ಟಿಗೆ ನಿರ್ದೋಷಿ. ಉಳಿದದ್ದು ಶಾಖ. ಪುಣೆಯ ಅಕ್ಟೋಬರ್ ಶೆಕೆ ನಮ್ಮೆಲ್ಲರಿಗೂ ಗೊತ್ತಿರುವುದೇ. ಮೇಲೆ ತಾರಸಿಯ ಕೋಣೆ ಬೇರೆ. ವಿದ್ಯುತ್ ತಂತಿ ಕಿತ್ತು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದೆ. ಕಾರ್ಡಿನ ಫ್ಯಾನು ಧೂಳಿನ ಉಣ್ಣೆಯಲ್ಲಿ ಹೂತುಹೋಗಿ ಬೆರಳಿಂದ ತಳ್ಳಿದರೂ ಅಲ್ಲಾಡಲೊಲ್ಲದು. ಬ್ರಷ್ಷಿನಿಂದ ಧೂಳು ತೆಗೆದು, ಅದೇ ಅಳತೆಯ ಹೊಸ ಫ್ಯಾನು ಹಾಕಿಸಿದೆವು. ಮೂರನೆಯ ಭಾನುವಾರ ಎಲ್ಲ ಸೆಟ್ಟಿಂಗುಗಳೂ ಪೂರ್ಣ ವೇಗದಲ್ಲಿದ್ದವು. ಇಂಗ್ಲಿಷ್, ನುಡಿ, ಯೂನಿಕೋಡ್ ಮೂರೂ ಬೆಳಗಿನಿಂದ ಸಂಜೆಯವರೆಗೆ ನಡೆದವು. ತೆರೆ ಕಪ್ಪಾಗಲಿಲ್ಲ. ಗುಂಡಿ ಆರಿಸಿ ಸುಮ್ಮನಾಗಿದ್ದರೆ, ಮುಂದಿನ ಬೇಸಗೆಯಲ್ಲಿ ಆ ಕಾರ್ಡು ಪೂರ್ತಿ ಸುಟ್ಟುಹೋಗುವ ಸಂಭವವಿತ್ತು. ಅಲ್ಲಿಯವರೆಗೆ ಅಪವಾದ ಕನ್ನಡದ ತಲೆಯ ಮೇಲೇ ಇರುತ್ತಿತ್ತು.

ಇನ್ನೊಂದು ಸಲಹೆಯನ್ನೂ ಇಲ್ಲಿ ಹೇಳಬೇಕು. ರಿಜಿಸ್ಟ್ರಿಗೆ ಹೋಗಿ ಆ ಎರಡು ಸೆಕೆಂಡಿನ ಗಡುವನ್ನು ಎಂಟಕ್ಕೋ ಹತ್ತಕ್ಕೋ ಏರಿಸಿ ಎನ್ನುವವರಿದ್ದಾರೆ. ಫೈಲಿನ ಗಡುವನ್ನು ಮುಂದಕ್ಕೆ ಹಾಕಿದ ಮಾತ್ರಕ್ಕೆ ಫೈಲು ಸರಿಯುವುದಿಲ್ಲ ಎಂಬುದು ಗುಮಾಸ್ತರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೀಲಿಗಳು ಪರೀಕ್ಷೆಗೂ ದೋಷ ಹುಡುಕುವುದಕ್ಕೂ ಮಾತ್ರ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ.

ಹಾಗಾದರೆ ಅಕ್ಷರದಿಂದ ಯಂತ್ರ ಕೆಡುವುದೇ ಇಲ್ಲವೇ? ನ್ಯಾಯವಾಗಿ ಹೇಳಬೇಕಾದರೆ, ಕೆಟ್ಟದ್ದುಂಟು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಅಕ್ಷರ, ನಮ್ಮ "ಜ್ಞಾ" ಅಕ್ಷರದ ಒಡಹುಟ್ಟು, ಆಪಲ್ ಕಂಪನಿಯ ಐಫೋನುಗಳನ್ನು ಕೆಡವಿತು. ಆ ಅಕ್ಷರವಿದ್ದ ಸಂದೇಶ ಬಂದರೆ ಸಾಕು, ಆ ಆ್ಯಪ್ ಮುಚ್ಚಿಕೊಂಡು ತೆರೆಯಲೇ ಒಲ್ಲದು. ಅದೇ ತಿಂಗಳಲ್ಲಿ ಐಓಎಸ್ 11.2.6 ಆವೃತ್ತಿ ತಂದು ಸರಿಪಡಿಸಿದರು. ತೆಲುಗರು ತಮ್ಮ ಅಕ್ಷರವನ್ನು ಬಿಡಲಿಲ್ಲ. ತಂತ್ರಾಂಶ ಬರೆದವರೇ ತಮ್ಮ ತಪ್ಪನ್ನು ತಿದ್ದಿಕೊಂಡರು. ನಮಗೂ ಇದೇ ಮೇಲ್ಪಂಕ್ತಿ.

ಭಾರತೀಯ ಅಕ್ಷರ ತೆರೆಯ ಮೇಲೆ ಮೂಡುವ ಕಥೆಯಲ್ಲಿ ನಮ್ಮ ಈ ಊರಿಗೂ ಪಾಲಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ, ಐ.ಐ.ಟಿ. ಕಾನಪುರದಲ್ಲಿ ಮೊದಲಾದ ಜಿಸ್ಟ್ ತಂತ್ರವನ್ನು ಬೆಳೆಸಿತು. ಗಣಕಯಂತ್ರದ ಒಳಗೆ ಒಂದು ಕಾರ್ಡು ಸಿಕ್ಕಿಸಿದರೆ ಡಾಸ್ ಕಾಲದ ತೆರೆಯ ಮೇಲೆ ಕನ್ನಡ, ಮರಾಠಿ, ತಮಿಳು ಮೂಡುತ್ತಿದ್ದವು. ಆಗ ಕನ್ನಡಕ್ಕೆ ನಿಜವಾಗಿಯೂ ಬೇರೆ ಯಂತ್ರಭಾಗ ಬೇಕಾಗಿತ್ತು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. 1998ರಲ್ಲಿ ಬರಹ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ತನ್ನೊಡನೆ ತಂದಿತು. ಇಂದು ಕನ್ನಡಕ್ಕೆ ಪ್ರತ್ಯೇಕ ಕಾರ್ಡು ಬೇಡ. ಇಂಗ್ಲಿಷ್ ಹೋಗುವ ದಾರಿಯಲ್ಲೇ ಅದೂ ಹೋಗುತ್ತದೆ; ದಾರಿ ಕುಸಿದರೆ ಇಬ್ಬರೂ ಬೀಳುತ್ತಾರೆ.

ಈಗ ಒಟ್ಟು ಅಭಿಪ್ರಾಯ. ಸೆಟ್ಟಿಂಗ್ ಬದಲಿಸುವುದು ಕೆಟ್ಟ ಉಪಾಯವಲ್ಲ. ತುರ್ತು ಕೆಲಸ ಮುಗಿಸಿಕೊಳ್ಳಲು ಅದು ನೆರವಾಗುತ್ತದೆ. ಒಂದೊಂದಾಗಿ ಬದಲಿಸಿ ಬರೆದಿಟ್ಟುಕೊಂಡರೆ ರೋಗದ ಜಾಡನ್ನೂ ತೋರಿಸುತ್ತದೆ. ಆದರೆ ಅದು ಸಾಕ್ಷಿಯೇ ಹೊರತು ತೀರ್ಪಲ್ಲ. ಒಂದೇ ಕೂತಾಗ ಐದು ಸೆಟ್ಟಿಂಗ್ ಬದಲಿಸುವವರಿಗೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ತಯಾರಕರ ದೋಷವೂ ಸಣ್ಣದಲ್ಲ. ಫ್ಯಾನು ತಿರುಗುತ್ತಿಲ್ಲ ಎಂಬ ನಾಲ್ಕು ಶಬ್ದದ ಸೂಚನೆಯನ್ನು ಆ ಯಂತ್ರ ನಮಗೆ ಇಂಗ್ಲಿಷಿನಲ್ಲೂ ಕೊಡಲಿಲ್ಲ, ಕನ್ನಡದಲ್ಲಂತೂ ದೂರದ ಮಾತು. 4101 ಎಂಬ ಸಂಖ್ಯೆಯನ್ನು ಹುಡುಕಿಕೊಂಡು ಹೋಗಬೇಕಾದವರು ನಾವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಗರ್ಭಗುಡಿಯೊಳಗೆ ಹೊರಗಿನವರನ್ನು ಬಿಟ್ಟುಕೊಂಡ ಆ ಹಳೆಯ ಏರ್ಪಾಡಿನ ಬೆಲೆಯನ್ನು ಇಂದಿಗೂ ಬಳಕೆದಾರರೇ ತೆರುತ್ತಿದ್ದಾರೆ.

ಮನೆಯಲ್ಲಿ ಹಳೆಯ ಯಂತ್ರವಿರುವ ಬಂಧುಗಳಿಗೆ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ ಅನೇಕರು ಯಂತ್ರವನ್ನೇ ಗುಜರಿಗೆ ಹಾಕುವ ಯೋಚನೆಯಲ್ಲಿದ್ದಾರೆ. ತೆರೆ ಕಪ್ಪಾಯಿತೆಂದು ಹಾಕಬೇಡಿ. ಮೊದಲು ಬರೆದದ್ದನ್ನು ಬೇರೆ ಕಡೆ ಉಳಿಸಿಕೊಳ್ಳಿ, ಆಮೇಲೆ ಯಾವ ವೇಳೆಯಲ್ಲಿ ಕಪ್ಪಾಗುತ್ತದೆಂದು ನಾಲ್ಕು ದಿನ ಬರೆದಿಡಿ, ಧೂಳು ನೋಡಿಸಿ, ಕೊನೆಯಲ್ಲಿ ಡ್ರೈವರ್, ಸೆಟ್ಟಿಂಗ್. ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ಬಾಳೀತು, ಕನ್ನಡವೂ ಅದರಲ್ಲಿ ಚೆನ್ನಾಗಿಯೇ ಮೂಡುತ್ತದೆ.

ಸಮಿತಿಯ ಮುಂದಿನ ಸಭೆಯಲ್ಲಿ ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟೆ. ಮೊದಲ ಭಾನುವಾರದ ಪುಟವನ್ನೂ ಹರಿಯದೆ ಹಾಗೇ ತೋರಿಸಿದೆ. ಆಕ್ಷೇಪಿಸಿದ್ದ ಸದಸ್ಯರು ಪೂರ್ತಿ ಓದಿ, "ಫ್ಯಾನಿನ ಖರ್ಚು ಎಷ್ಟಾಯಿತು?" ಎಂದಷ್ಟೇ ಕೇಳಿ ತಾವೇ ಕೊಟ್ಟರು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಅವರ ಮಾತು ಮಾತ್ರ ಹಾಗೇ ಉಳಿದಿದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಭಾನುವಾರದ ತರಗತಿ ನಡೆಸುವುದೊಂದೇ ದಾರಿ. ಗದಗಿನ ಹಿರಿಯರು ಮೂರನೆಯ ಸಲ ಹೇಳಲು ಒಪ್ಪಿದರು. ಹಿಂದಿನ ಎರಡು ಸಲ ಹೇಳದೆ ಬಿಟ್ಟಿದ್ದ ಒಂದೆರಡು ಸಂಗತಿಗಳೂ ಈ ಸಲ ಬಂದವು. ಆ ಲೇಖನ ವಿಶೇಷಾಂಕದಲ್ಲಿ ಬರಲಾಗಲಿಲ್ಲ. ಈ ಸಂಚಿಕೆಯಲ್ಲಿ ಅಚ್ಚಾಗಿದೆ. ವಾಚಕರು ಮೊದಲು ಅದನ್ನು ಓದಬೇಕೆಂದು ಕೋರುತ್ತೇನೆ.